ಕೈಯಲ್ಲಿ ದೊಣ್ಣೆ, ಬಾಯಲ್ಲಿ ಅಹಿಂಸೆ

ಚೀನಾದ ಹೆನಾನ್ ಪ್ರಾಂತ್ಯದ ಶಾವೊಲಿನ್ ವಿಹಾರದಲ್ಲಿ ಕ್ರಿ.ಶ. 728ರ ಒಂದು ಶಿಲಾಶಾಸನವಿದೆ. ದಾನಶಾಸನಗಳನ್ನು ಓದಿ ಬಲ್ಲವರಿಗೆ ಅದರ ಧಾಟಿ ಹೊಸದೆನಿಸುವುದಿಲ್ಲ. ಯಾರು ಯಾವ ಸೇವೆ ಸಲ್ಲಿಸಿದರು, ಅದಕ್ಕೆ ಪ್ರತಿಯಾಗಿ ಪ್ರಭುತ್ವ ಎಷ್ಟು ಭೂಮಿಯನ್ನು ಉಂಬಳಿಯಾಗಿ ಕೊಟ್ಟಿತು ಎಂಬ ವಿವರ ಅದರಲ್ಲಿದೆ. ವಿಶೇಷವೆಂದರೆ, ಇಲ್ಲಿ ಸೇವೆ ಸಲ್ಲಿಸಿದವರು ಬೌದ್ಧ ಭಿಕ್ಷುಗಳು. ಅವರು ಸಲ್ಲಿಸಿದ ಸೇವೆ ಯುದ್ಧ.

ಸುಯಿ ವಂಶ ಕುಸಿದು ತಾಂಗ್ ವಂಶ ತಲೆಯೆತ್ತುತ್ತಿದ್ದ ಕಾಲವದು. ರಾಜಕುಮಾರ ಲಿ ಷಿಮಿನ್, ಲುವೊಯಾಂಗ್ ನಗರವನ್ನು ಹಿಡಿದಿದ್ದ ವಾಂಗ್ ಶಿಚೊಂಗ್ ಎಂಬ ಪ್ರತಿಸ್ಪರ್ಧಿಯ ವಿರುದ್ಧ ಹೋರಾಡುತ್ತಿದ್ದ. 621ರಲ್ಲಿ ಶಾವೊಲಿನ್ ಭಿಕ್ಷುಗಳು ವಾಂಗ್‌ನ ಪಡೆಯ ಮೇಲೆ ಬಿದ್ದು, ಅವನ ಸೋದರನ ಮಗನನ್ನೇ ಸೆರೆಹಿಡಿದು ರಾಜಕುಮಾರನಿಗೆ ಒಪ್ಪಿಸಿದರು. ಹೀಗೆ ಹೋರಾಡಿದ 13 ಭಿಕ್ಷುಗಳ ಹೆಸರುಗಳು ಕಲ್ಲಿನ ಮೇಲಿವೆ. ಅವರಲ್ಲಿ ತಾನ್‌ಜೊಂಗ್ ಎಂಬಾತನಿಗೆ ಸೇನಾಪತಿಯ ಪದವಿ ದೊರೆಯಿತು. ವಿಹಾರಕ್ಕೆ 40 ಚಿಂಗ್ ಭೂಮಿ, ಅಂದರೆ ಸುಮಾರು 500 ಎಕರೆ, ಜೊತೆಗೆ ನೀರಿನಿಂದ ತಿರುಗುವ ಒಂದು ಬೀಸುವ ಗಿರಣಿ ಸಿಕ್ಕಿತು. ಲಿ ಷಿಮಿನ್ ಮುಂದೆ ಚೀನಾದ ಶ್ರೇಷ್ಠ ಚಕ್ರವರ್ತಿಗಳಲ್ಲಿ ಒಬ್ಬನೆಂದು ಹೆಸರಾದ. ಭಿಕ್ಷುಗಳು ಗೆಲ್ಲುವ ಕುದುರೆಯನ್ನೇ ಆರಿಸಿಕೊಂಡಿದ್ದರು.

ಆದರೆ ಅವರು ಕಾದಾಡಿದ್ದು ಎಲ್ಲಿ? ಧರ್ಮಕ್ಕೆ ಕುತ್ತು ಬಂದ ಜಾಗದಲ್ಲೇನೂ ಅಲ್ಲ. ಸುಯಿ ಚಕ್ರವರ್ತಿ ವಿಹಾರಕ್ಕೆ ಕೊಟ್ಟಿದ್ದ 100 ಚಿಂಗ್ ವಿಸ್ತೀರ್ಣದ ಜಮೀನು ಲುವೊಯಾಂಗ್‌ಗೆ ಹೋಗುವ ದಾರಿಯ ಆಯಕಟ್ಟಿನ ಕಣಿವೆಯಲ್ಲಿತ್ತು. ವಾಂಗ್‌ನ ಸೈನ್ಯ ಬೀಡುಬಿಟ್ಟದ್ದು ಆ ಜಮೀನಿನಲ್ಲಿ. ಮಠದ ಆಸ್ತಿಗೆ ಕೈಬಿದ್ದಾಗ ಮಠದವರು ದೊಣ್ಣೆ ಎತ್ತಿದರು. ಇದು ಲೋಕಾರೂಢಿಯ ಮಾತು. ಇದರಲ್ಲಿ ಅಚ್ಚರಿಯೇನೂ ಇಲ್ಲ, ಎತ್ತಿದವರು ಭಿಕ್ಷುಗಳು ಎಂಬುದೊಂದನ್ನು ಬಿಟ್ಟರೆ.

ಏಕೆಂದರೆ ಈ ವಿಷಯದಲ್ಲಿ ವಿನಯಪಿಟಕ ಸಂದೇಹಕ್ಕೆ ಎಡೆಗೊಟ್ಟಿಲ್ಲ. ಭಿಕ್ಷುವನ್ನು ಸಂಘದಿಂದ ಶಾಶ್ವತವಾಗಿ ಹೊರಗೆ ಹಾಕುವ ನಾಲ್ಕು ಮಹಾಪರಾಧಗಳಿಗೆ ಪಾರಾಜಿಕವೆಂದು ಹೆಸರು. ಅವು ಮೈಥುನ, ಕಳ್ಳತನ, ನರಹತ್ಯೆ ಮತ್ತು ತನಗಿಲ್ಲದ ಅಲೌಕಿಕ ಸಿದ್ಧಿ ಇದೆಯೆಂದು ಹೇಳಿಕೊಳ್ಳುವುದು. ಕೊಲ್ಲುವುದಿರಲಿ, ಯುದ್ಧಕ್ಕೆ ಹೊರಟ ಸೈನ್ಯವನ್ನು ಸಕಾರಣವಿಲ್ಲದೆ ನೋಡಲು ಹೋಗುವುದು ಕೂಡ ಭಿಕ್ಷುವಿಗೆ ದೋಷವೇ. ಚೀನಾದಲ್ಲಿ ಬಹಳ ಮನ್ನಣೆ ಪಡೆದ ಬ್ರಹ್ಮಜಾಲ ಸೂತ್ರದ ಬೋಧಿಸತ್ವ ಶೀಲಗಳು ಆಯುಧವನ್ನು ಬಳಿಯಲ್ಲಿಟ್ಟುಕೊಳ್ಳುವುದನ್ನೇ ನಿಷೇಧಿಸುತ್ತವೆ.

ಮಹಾಯಾನದಲ್ಲಿ ಇದಕ್ಕೊಂದು ಕಿಟಕಿ ಇಲ್ಲದಿಲ್ಲ. ಬುದ್ಧನು ತನ್ನ ಹಿಂದಿನ ಜನ್ಮವೊಂದರಲ್ಲಿ ಹಡಗಿನ ನಾಯಕನಾಗಿದ್ದ. ಪಯಣಿಗರೆಲ್ಲರನ್ನೂ ಕೊಲ್ಲಲು ಸಂಚುಹೂಡಿದ್ದ ಕಳ್ಳನೊಬ್ಬನನ್ನು ಅವನು ಕೊಂದ ಎಂಬ ಕಥೆ ಉಪಾಯಕೌಶಲ್ಯ ಸೂತ್ರದಲ್ಲಿ ಬರುತ್ತದೆ. ಆದರೆ ಆ ನಾಯಕ ಕೊಂದದ್ದು, ಆ ಪಾಪದ ನರಕ ತನಗೇ ಇರಲಿ ಎಂದು ಒಪ್ಪಿಕೊಂಡ ಮೇಲೆ. ಆದರ್ಶದ ಬೆಲೆ ಅಷ್ಟು ದುಬಾರಿ. ಶಾವೊಲಿನ್ ಶಾಸನದಲ್ಲಿ ಇಂಥ ಧರ್ಮಸಂಕಟದ ಸುಳಿವಿಲ್ಲ. ಅಲ್ಲಿ ನರಕದ ಬದಲು ಗಿರಣಿ ಬಂದಿದೆ.

ಹಾಗೆಂದು ಸಂಕಟವೇ ಇರಲಿಲ್ಲವೆಂದಲ್ಲ. ಅದು ಕಥೆಗಳಲ್ಲಿ ತಲೆಹಾಕಿತು. ತಾಂಗ್ ಕಾಲದ ಲೇಖಕ ಜಾಂಗ್ ಝುವೊ, 6ನೇ ಶತಮಾನದ ಸೆಂಗ್‌ಚೌ ಎಂಬ ಭಿಕ್ಷುವಿನ ಕಥೆಯೊಂದನ್ನು ದಾಖಲಿಸಿದ್ದಾನೆ. ಸೆಂಗ್‌ಚೌ ಎಳೆಯ ಶ್ರಾಮಣೇರನಾಗಿದ್ದಾಗ ಬಡಕಲು. ಕುಸ್ತಿಯಾಡುವ ಜೊತೆಗಾರರು ಅವನನ್ನು ಗುದ್ದಿ ಗೋಳುಹೊಯ್ದುಕೊಳ್ಳುತ್ತಿದ್ದರು. ಅವನು ವಜ್ರಪಾಣಿಯ ಕಾಲು ಹಿಡಿದು ಆರು ದಿನ ಬಿಡದೆ ಬೇಡಿದ. ದೇವರು ಪ್ರತ್ಯಕ್ಷನಾದ, ಕೈಯಲ್ಲಿ ಒಂದು ಬಟ್ಟಲು ತುಂಬ ಪ್ರಾಣಿಯ ಸ್ನಾಯು. ‘ತಿನ್ನು’ ಎಂದ. ಭಿಕ್ಷು ಮಾಂಸ ತಿನ್ನಬಾರದಲ್ಲ ಎಂದು ಹುಡುಗ ಹಿಂಜರಿದಾಗ ದೇವರು ವಜ್ರಾಯುಧವನ್ನೇ ಎತ್ತಿ ಹೆದರಿಸಿದ. ಹೆದರಿ ತಿಂದ ಹುಡುಗನಿಗೆ ಭೀಮಬಲ ಬಂತು. ಕಥೆ ಸೊಗಸಾಗಿದೆ. ಅದರ ಕೆಲಸವೂ ಸ್ಪಷ್ಟವಾಗಿದೆ. ತಿಂದವನು ಭಿಕ್ಷುವೇ ಆದರೂ ತಿನ್ನಿಸಿದವನು ದೇವರು! ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂಬ ಗಾದೆಯಲ್ಲಿ ಪುರಾಣಿಕನ ತಪ್ಪಿಗೆ ಮುಸುಕಿಲ್ಲ. ಇಲ್ಲಿ ಬದನೆಕಾಯಿಗೂ ಒಂದು ಪುರಾಣ ಒದಗಿಬಂದಿದೆ.

ತಾಂಗ್ ಚಕ್ರವರ್ತಿಯೇ ಶಾವೊಲಿನ್ ಭಿಕ್ಷುಗಳಿಗೆ ಮದ್ಯಮಾಂಸ ಸೇವಿಸಲು ಅಪ್ಪಣೆ ಕೊಟ್ಟನೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಅದಕ್ಕೆ ಜೆಟ್ ಲಿ ನಟಿಸಿದ 1982ರ ‘ಶಾವೊಲಿನ್ ಟೆಂಪಲ್’ ಚಿತ್ರ ಬಹಳ ಗಾಳಿ ಹಾಕಿತು. 728ರ ಶಾಸನದಲ್ಲಿ ಭೂಮಿಯಿದೆ, ಗಿರಣಿಯಿದೆ, ಮಾಂಸವಿಲ್ಲ.

ಇನ್ನೊಂದು ಉದಾಹರಣೆ 1517ರ ಶಾಸನದ್ದು. ಅದರ ಪ್ರಕಾರ, ‘ಕೆಂಪು ರುಮಾಲಿನ’ ಬಂಡುಕೋರರು ವಿಹಾರಕ್ಕೆ ನುಗ್ಗಿದಾಗ ಅಡುಗೆಮನೆಯ ಆಳೊಬ್ಬ ಒಲೆ ಕೆದಕುವ ಕೋಲನ್ನೇ ಹಿಡಿದು ಬೃಹದಾಕಾರ ತಾಳಿ ಅವರನ್ನು ಓಡಿಸಿದನಂತೆ. ಆತ ಕಿನ್ನರ ರಾಜನ ಅವತಾರವಂತೆ. ನಮ್ಮ ಪುರಾಣಗಳ ಇಂಪಾದ ಗಾಯಕ ಕಿನ್ನರ ಚೀನಾಕ್ಕೆ ಹೋಗಿ ದೊಣ್ಣೆವರಸೆಯ ಅಧಿದೇವತೆಯಾದ ಬಗೆ ಇದು. ವಾಸ್ತವದಲ್ಲಿ 14ನೇ ಶತಮಾನದ ಆ ದಂಗೆಯಲ್ಲಿ ವಿಹಾರ ಹಾಳಾಯಿತು, ಭಿಕ್ಷುಗಳು ಚೆದುರಿಹೋದರು. ಸೋಲನ್ನು ಕಲ್ಲಿನ ಮೇಲೆ ಗೆಲುವಾಗಿ ಕೆತ್ತಲಾಯಿತು.

ಭಿಕ್ಷುಗಳು ದೊಣ್ಣೆಯನ್ನೇ ಆರಿಸಿಕೊಂಡದ್ದರಲ್ಲಿ ಒಂದು ಬಗೆಯ ನಾಚಿಕೆ ಇದ್ದಿರಬಹುದು. ದಂಡ ಹಿಡಿದು ನಡೆಯುವುದು ಭಿಕ್ಷುವಿಗೆ ವಿಹಿತ. ಖಡ್ಗಕ್ಕಿಂತ ಅದು ಸೌಮ್ಯ. ಆದರೆ ಬೀಸುವ ತೋಳು ಸೌಮ್ಯವಾಗಿರಬೇಕಲ್ಲ! 1553ರಲ್ಲಿ ಮಿಂಗ್ ಸರ್ಕಾರ ಕರಾವಳಿಯ ಕಡಲ್ಗಳ್ಳರನ್ನು ಸದೆಬಡಿಯಲು ಭಿಕ್ಷುಪಡೆಯನ್ನು ಬಳಸಿಕೊಂಡಿತು. ಅದರಲ್ಲಿ ಶಾವೊಲಿನ್‌ನವರೂ ಇದ್ದರು. ಸುಮಾರು 120 ಭಿಕ್ಷುಗಳು ಹತ್ತು ದಿನ ಬೆನ್ನಟ್ಟಿ ನೂರಕ್ಕೂ ಹೆಚ್ಚು ಕಡಲ್ಗಳ್ಳರನ್ನು ಮುಗಿಸಿದರು. ಸತ್ತ ಭಿಕ್ಷುಗಳು ನಾಲ್ವರು. ಇದನ್ನು ಮೆಚ್ಚುಗೆಯಿಂದ ಬರೆದಿಟ್ಟ ಝೆಂಗ್ ರುವೊಚೆಂಗ್ ಎಂಬ ಸಮಕಾಲೀನ, ಓಡಿಹೋಗುತ್ತಿದ್ದ ಕಡಲ್ಗಳ್ಳನೊಬ್ಬನ ಹೆಂಡತಿಯನ್ನು ಕಬ್ಬಿಣದ ದೊಣ್ಣೆಯಿಂದ ಹೊಡೆದು ಕೊಂದದ್ದನ್ನೂ ದಾಖಲಿಸಿದ್ದಾನೆ. ಆತನಿಗೆ ಅದರಲ್ಲಿ ಆಕ್ಷೇಪಾರ್ಹವಾದುದೇನೂ ಕಂಡಂತಿಲ್ಲ. ಭಿಕ್ಷುಗಳಿಗೆ ಕಂಡಿತೇ ಎಂಬುದನ್ನು ಅವನು ಬರೆದಿಲ್ಲ.

ಶಾವೊಲಿನ್ ಇತಿಹಾಸವನ್ನು ಆಳವಾಗಿ ಶೋಧಿಸಿ 2008ರಲ್ಲಿ ಗ್ರಂಥ ಪ್ರಕಟಿಸಿದ ಇಸ್ರೇಲಿ ವಿದ್ವಾಂಸ ಮೇರ್ ಶಹರ್ ಒಂದು ಮುಖ್ಯ ಸಂಗತಿಯತ್ತ ಗಮನ ಸೆಳೆಯುತ್ತಾರೆ. ವಿಹಾರದಲ್ಲಿದ್ದವರೆಲ್ಲ ಒಂದೇ ಬಗೆಯವರಲ್ಲ. ಧ್ಯಾನ, ಪೂಜೆ, ಅಧ್ಯಯನದಲ್ಲಿ ತೊಡಗಿದ ಭಿಕ್ಷುಗಳು ಒಂದು ಕಡೆ. ಊರೂರು ಅಲೆಯುತ್ತ, ಮಾಂಸ ತಿನ್ನುತ್ತ, ಸುತ್ತಲಿನ ಉಪಗುಡಿಗಳಲ್ಲಿ ಬೀಡುಬಿಡುತ್ತಿದ್ದ ಜಟ್ಟಿ ಭಿಕ್ಷುಗಳು ಇನ್ನೊಂದು ಕಡೆ. ಹೆಸರು, ಉಂಬಳಿ, ತೆರಿಗೆ ವಿನಾಯಿತಿ ತಂದುಕೊಡುತ್ತಿದ್ದವರು ಎರಡನೆಯವರು. ಅವರಿಗೆ ಗೌರವ ತಂದುಕೊಡುತ್ತಿದ್ದುದು ಮೊದಲನೆಯವರ ಶೀಲ. ಈ ಕೊಡುಕೊಳ್ಳುವಿಕೆ ಇಂದೂ ಮುಂದುವರಿದಿದೆ. ಜಗತ್ತಿನ ರಂಗಮಂಚಗಳಲ್ಲಿ ಕಾವಿ ತೊಟ್ಟು ಪಲ್ಟಿ ಹೊಡೆಯುವ ‘ಶಾವೊಲಿನ್ ಭಿಕ್ಷು’ಗಳಲ್ಲಿ ಅನೇಕರು ಪೂರ್ಣ ದೀಕ್ಷೆ ಪಡೆದವರೇ ಅಲ್ಲ.

ಕುಂಗ್‌ಫೂ ಕಲೆಗೆ ಬೋಧಿಧರ್ಮನೇ ಮೂಲಪುರುಷನೆಂಬ ನಂಬಿಕೆಯೂ ಇದೇ ಜಾತಿಯದು. ಕಂಚಿಯ ರಾಜಕುಮಾರನೊಬ್ಬ ಭಿಕ್ಷುವಾಗಿ ಹೋಗಿ ಚೀನೀಯರಿಗೆ ಕಾದಾಟ ಕಲಿಸಿದನೆಂಬ ಕಥೆ ದಕ್ಷಿಣ ಭಾರತದವರಿಗೆ ಅಚ್ಚುಮೆಚ್ಚು. 2011ರ ತಮಿಳು ಚಿತ್ರ ‘ಏಳಾಂ ಅರಿವು’ ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಬೋಧಿಧರ್ಮನನ್ನು ಕುರಿತ ಅತಿ ಹಳೆಯ ಉಲ್ಲೇಖ 547ರ ಸುಮಾರಿನದು. ಅದರಲ್ಲಿ ಆತ ಪರ್ಷಿಯಾದಿಂದ ಬಂದ, ತನಗೆ 150 ವರ್ಷವೆಂದು ಹೇಳಿಕೊಂಡ, ಲುವೊಯಾಂಗ್‌ನ ಸ್ತೂಪವೊಂದನ್ನು ಕಂಡು ಕೈಮುಗಿದು ನಿಂತ ವೃದ್ಧ ಭಿಕ್ಷು, ಅಷ್ಟೆ. ಕಸರತ್ತಿನೊಂದಿಗೆ ಅವನನ್ನು ಗಂಟುಹಾಕಿದ್ದು 1624ರ ‘ಯಿಜಿನ್‌ಜಿಂಗ್’ ಎಂಬ ಪುಸ್ತಕ. ಅದನ್ನು ಪುರಾತನವೆಂದು ತೋರಿಸಲು ತಾಂಗ್ ಕಾಲದ ಸೇನಾನಿಯೊಬ್ಬನ ಹೆಸರಿನಲ್ಲಿ ಖೋಟಾ ಮುನ್ನುಡಿಯನ್ನೂ ಜೋಡಿಸಲಾಗಿತ್ತು. ಬೋಧಿಧರ್ಮನು ಬರುವ ಮುಂಚೆಯೇ, 495ರಲ್ಲಿ, ಶಾವೊಲಿನ್ ವಿಹಾರವನ್ನು ಕಟ್ಟಿಸಿದ್ದು ಬೇರೊಬ್ಬ ಭಾರತೀಯ ಭಿಕ್ಷುವಿಗಾಗಿ. ಚೀನೀಯರು ಬತುವೊ ಎಂದು ಕರೆಯುವ ಆ ಭದ್ರನಿಗೆ ಯಾವ ಚಿತ್ರದಲ್ಲೂ ನಾಯಕನ ಪಾತ್ರ ಸಿಕ್ಕಿಲ್ಲ.

ಶಾವೊಲಿನ್ ಒಂದನ್ನೇ ದೂರುವುದು ನ್ಯಾಯವಾಗದು. ಜಪಾನಿನ ಹಿಯೆ ಬೆಟ್ಟದ ಎನ್‌ರ್ಯಾಕುಜಿ ವಿಹಾರದ ಮಹಂತ ರ್ಯೋಗೆನ್ 970ರಲ್ಲಿ 26 ನಿಯಮಗಳನ್ನು ವಿಧಿಸಿದ. ಮುಖಕ್ಕೆ ಮುಸುಕು ಹಾಕಿಕೊಂಡು, ಆಯುಧ ಹಿಡಿದು ತಿರುಗುವ ಭಿಕ್ಷುಗಳಿಗೆ ಅದರಲ್ಲಿ ಕಟ್ಟುನಿಟ್ಟಿನ ನಿಷೇಧವಿತ್ತು. ನಿಯಮ ನಿಲ್ಲಲಿಲ್ಲ. ಆ ಬೆಟ್ಟದ ಭಿಕ್ಷುಗಳು ಮುಂದಿನ ಶತಮಾನಗಳಲ್ಲಿ ಪ್ರತಿಸ್ಪರ್ಧಿ ವಿಹಾರಗಳಿಗೆ ಬೆಂಕಿಯಿಟ್ಟರು, ರಾಜಧಾನಿಗೆ ನುಗ್ಗಿ ಚಕ್ರವರ್ತಿಗಳನ್ನೇ ಹೆದರಿಸಿದರು. 1571ರಲ್ಲಿ ಒದಾ ನೊಬುನಾಗ ಇಡೀ ಬೆಟ್ಟವನ್ನೇ ಸುಟ್ಟು ಸಾವಿರಾರು ಜನರನ್ನು ಕೊಲ್ಲಿಸಿದ. ವಿಪರ್ಯಾಸವೆಂದರೆ, ಭಿಕ್ಷುಸೈನ್ಯವನ್ನು ಕಟ್ಟಿದ ಮೊದಲಿಗನೆಂಬ ಹೆಸರನ್ನು ಪರಂಪರೆ ಅಂಟಿಸಿದ್ದು ಅದನ್ನು ನಿಷೇಧಿಸಿದ ರ್ಯೋಗೆನ್‌ನಿಗೇ!

ಝೆನ್ ಗುರುಗಳ ದಾರಿ ಇನ್ನೂ ಸೂಕ್ಷ್ಮ. 17ನೇ ಶತಮಾನದ ತಕುವಾನ್ ಸೋಹೊ, ಶೋಗುನ್‌ನ ಕತ್ತಿವರಸೆಯ ಗುರು ಯಾಗ್ಯು ಮುನೆನೊರಿಗೆ ಬರೆದ ಪತ್ರದಲ್ಲಿ, ಎತ್ತಿದ ಕತ್ತಿಯೂ ಶೂನ್ಯ, ಹೊಡೆಯುವವನೂ ಶೂನ್ಯ, ಹೊಡೆತ ತಿನ್ನುವವನೂ ಶೂನ್ಯ ಎಂಬ ಅರ್ಥ ಬರುವಂತೆ ವಿವರಿಸಿದ. ಮನಸ್ಸು ಎಲ್ಲಿಯೂ ಅಂಟದಿರಲಿ ಎಂಬುದು ಆತನ ಉದ್ದೇಶ. ಆದರೆ ಹೊಡೆತ ತಿನ್ನುವವನ ಅಭಿಪ್ರಾಯ ಕೇಳಿದವರಿಲ್ಲ. 20ನೇ ಶತಮಾನದಲ್ಲಿ ಇದೇ ಬಗೆಯ ಮಾತು ಜಪಾನಿ ಸೈನಿಕರಿಗೆ ಬೋಧೆಯಾಯಿತು. ಬ್ರಯಾನ್ ವಿಕ್ಟೋರಿಯಾ 1997ರ ತಮ್ಮ ಪುಸ್ತಕದಲ್ಲಿ, ದೊಡ್ಡ ದೊಡ್ಡ ಝೆನ್ ಗುರುಗಳು ಯುದ್ಧಕ್ಕೆ ಕೊಟ್ಟ ಬೆಂಬಲವನ್ನು ಹೆಸರು ಸಹಿತ ತೆರೆದಿಟ್ಟರು. ಸೋತೊ ಪಂಥ 1992ರಲ್ಲೇ ಪಶ್ಚಾತ್ತಾಪ ಪ್ರಕಟಿಸಿತ್ತು. ಮ್ಯೋಶಿನ್‌ಜಿ ಶಾಖೆ 2001ರಲ್ಲಿ ಕ್ಷಮೆ ಕೇಳಿತು.

ಇಷ್ಟೆಲ್ಲವನ್ನೂ ಬೂಟಾಟಿಕೆ ಎಂದು ಒಂದೇ ಮಾತಿನಲ್ಲಿ ಕರೆದುಬಿಡುವುದು ಸುಲಭ. ಆದರೆ ಬೂಟಾಟಿಕೆಗೂ ರಾಜಿಗೂ ವ್ಯತ್ಯಾಸವಿದೆ. ಪಂಚತಂತ್ರದ ಆಷಾಢಭೂತಿ ಸನ್ಯಾಸಿಯ ಶಿಷ್ಯನಾದದ್ದೇ ಅವನ ಹಣದ ಗಂಟು ಲಪಟಾಯಿಸಲಿಕ್ಕೆ. ಕಳ್ಳರು ಗೋಡೆ ಹಾರುತ್ತಿದ್ದ ಕಾಲದಲ್ಲಿ ದೊಣ್ಣೆ ಎತ್ತಿದ ಭಿಕ್ಷು ಆ ಸಾಲಿಗೆ ಸೇರುವವನಲ್ಲ. ಅವನ ವ್ರತ ಮುರಿದದ್ದು ಎಲ್ಲರ ಕಣ್ಣೆದುರಿಗೆ.

ಆಷಾಢಭೂತಿಯ ನೆನಪು ಹೆಚ್ಚು ಹೊಂದುವುದು ಇತ್ತೀಚಿನ ಪ್ರಕರಣಕ್ಕೆ. 1981ರಲ್ಲಿ ಶಾವೊಲಿನ್ ಸೇರಿ 1999ರಲ್ಲಿ ಮಹಂತನಾದ ಶಿ ಯೊಂಗ್‌ಶಿನ್, ಪಾಳುಬಿದ್ದಂತಿದ್ದ ವಿಹಾರವನ್ನು ಜಗದ್ವಿಖ್ಯಾತ ಉದ್ಯಮವಾಗಿಸಿದರು. ಟ್ರೇಡ್‌ಮಾರ್ಕ್, ಕಂಪನಿ, ವಿದೇಶಿ ಶಾಖೆ, ಆಸ್ಟ್ರೇಲಿಯಾದಲ್ಲಿ ಜಮೀನು ಎಲ್ಲವೂ ಬಂದವು. 2006ರಲ್ಲಿ ಸ್ಥಳೀಯ ಆಡಳಿತ ಅವರಿಗೆ ದುಬಾರಿ ಕಾರೊಂದನ್ನು ಉಡುಗೊರೆ ನೀಡಿದ್ದು ಟೀಕೆಗೆ ಗುರಿಯಾಯಿತು. 2015ರಲ್ಲಿ ಮಾಡಲಾದ ಆರೋಪಗಳಿಂದ ಅವರು ಪಾರಾದರು. ಆದರೆ 2025ರ ಜುಲೈ 27ರಂದು ವಿಹಾರವೇ ಪ್ರಕಟಣೆ ಹೊರಡಿಸಿ, ವಿಹಾರದ ಹಣ ಮತ್ತು ಆಸ್ತಿಯ ದುರುಪಯೋಗ, ಅನೇಕ ಮಹಿಳೆಯರೊಂದಿಗೆ ದೀರ್ಘಕಾಲದ ಸಂಬಂಧ, ಆ ಸಂಬಂಧದಿಂದ ಸಂತಾನ ಎಂಬ ಆರೋಪಗಳ ಮೇಲೆ ಅವರ ವಿರುದ್ಧ ತನಿಖೆ ನಡೆದಿದೆಯೆಂದು ತಿಳಿಸಿತು. ಮರುದಿನ ಚೀನಾ ಬೌದ್ಧ ಸಂಘ ಅವರ ದೀಕ್ಷಾಪತ್ರವನ್ನು ರದ್ದುಪಡಿಸಿತು. ಆರೋಪಗಳ ಪಟ್ಟಿಯಲ್ಲಿ ಎಲ್ಲಿಯೂ ದೊಣ್ಣೆಯಿಲ್ಲ. ಸಾವಿರದ ನಾನೂರು ವರ್ಷ ವಾದಕ್ಕೆ ವಸ್ತುವಾಗಿದ್ದ ಮೂರನೆಯ ಪಾರಾಜಿಕವನ್ನು ಬಿಟ್ಟು, ಯಾರಿಗೂ ಸಂದೇಹವಿರದಿದ್ದ ಮೊದಲೆರಡು ಅಲ್ಲಿವೆ.

ಜುಲೈ 29ರಂದು ಹೊಸ ಮಹಂತರಾಗಿ ಬಂದವರು ಶಿ ಯಿನ್‌ಲೆ. ಅವರು ಅದಕ್ಕೆ ಮುಂಚೆ ಲುವೊಯಾಂಗ್‌ನ ಶ್ವೇತಾಶ್ವ ವಿಹಾರದ ಮುಖ್ಯಸ್ಥರಾಗಿದ್ದರು. ಕ್ರಿ.ಶ. 68ರಲ್ಲಿ ಕಾಶ್ಯಪ ಮಾತಂಗ ಮತ್ತು ಧರ್ಮರತ್ನರೆಂಬ ಭಾರತೀಯ ಭಿಕ್ಷುಗಳಿಗಾಗಿ ಕಟ್ಟಿದ, ಚೀನಾದ ಮೊತ್ತಮೊದಲ ಬೌದ್ಧವಿಹಾರ ಅದೆಂದು ಪ್ರತೀತಿ. ರಾಷ್ಟ್ರಪತಿಯಾಗಿದ್ದ ಪ್ರತಿಭಾ ಪಾಟೀಲ್ 2010ರಲ್ಲಿ ಅಲ್ಲಿ ಭಾರತೀಯ ಶೈಲಿಯ ಬೌದ್ಧ ಮಂದಿರವೊಂದನ್ನು ಉದ್ಘಾಟಿಸಿದ್ದರು. ಆ ವಿಹಾರದ ಹೆಸರಿನಲ್ಲಿರುವ ಬಿಳಿಯ ಕುದುರೆಯ ಬೆನ್ನ ಮೇಲೆ ಬಂದದ್ದು ಸೂತ್ರಗ್ರಂಥಗಳ ಹೊರೆ.