ಗುವಾಮ್‌ನಿಂದ ಶಾರ್ಜಾವರೆಗೆ

ಸ್ಟೀಫನ್ ಕಾನ್‌ಸ್ಟಂಟೈನ್ ಅಂದ ತಕ್ಷಣ ಭಾರತದ ಫುಟ್ಬಾಲ್ ನೋಡೋರಲ್ಲಿ ಎರಡು ಪಂಗಡ ಆಗಿಬಿಡುತ್ತೆ. ನಾನು ಆತನ ಪರ, ಒಂದು ಪಂದ್ಯ ಬಿಟ್ಟು.

ಈ ಇಂಗ್ಲಿಷ್ ಕೋಚ್ ಮೊದಲು ಬಂದದ್ದು 2002ರಲ್ಲಿ. ಬಂದವನೇ ವಿಯೆಟ್ನಾಂನಲ್ಲಿ ಎಲ್‌ಜಿ ಕಪ್ ಗೆಲ್ಲಿಸಿದ. ಮರುವರ್ಷ ಹೈದರಾಬಾದಿನ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ. ಆಮೇಲೆ 2004ರ ವಿಶ್ವಕಪ್ ಅರ್ಹತಾ ಸುತ್ತು. ಕೊಚ್ಚಿಯಲ್ಲಿ ಓಮನ್ ಎದುರು 1-5, ಸೈತಾಮಾದಲ್ಲಿ ಜಪಾನ್ ಎದುರು 0-7. 2005ರಲ್ಲಿ ಮನುಷ್ಯ ಗಂಟುಮೂಟೆ ಕಟ್ಟಿದ.

ಹತ್ತು ವರ್ಷ ಆದ್ಮೇಲೆ, 2015ರಲ್ಲಿ, ಮತ್ತೆ ಅವನನ್ನೇ ಕರೆಸಿದರು. ಆ ಮಾರ್ಚ್‌ನಲ್ಲಿ ನಮ್ಮ ಫಿಫಾ ರ‍್ಯಾಂಕ್ 173. ಜೂನ್‌ನಲ್ಲಿ ನಮ್ಮ ಕಂಠೀರವದಲ್ಲೇ ಓಮನ್‌ಗೆ ಸೋತೆವು. ಐದು ದಿನ ಬಿಟ್ಟು ಗುವಾಮ್‌ಗೂ ಸೋತೆವು, 1-2. ಎರಡು ಲಕ್ಷ ಜನವೂ ಇಲ್ಲದ ದ್ವೀಪ ಅದು. ನಮ್ಮ ಎಷ್ಟೋ ತಾಲ್ಲೂಕುಗಳೇ ಅದಕ್ಕಿಂತ ದೊಡ್ಡವು! ಆ ಸುತ್ತಿನ ಎಂಟು ಪಂದ್ಯದಲ್ಲಿ ಗೆದ್ದದ್ದು ಒಂದೇ.

ಆದರೆ ಆತ ಸಂದೇಶ್ ಝಿಂಗನ್, ಉದಾಂತ ಸಿಂಗ್ ಥರದ ಹೊಸ ಹುಡುಗರನ್ನ ಇಳಿಸ್ತಾ ಹೋದ. 2017ರ ಜುಲೈನಲ್ಲಿ ರ‍್ಯಾಂಕ್ 96ಕ್ಕೆ ಬಂತು, ಎರಡು ದಶಕದಲ್ಲೇ ಅತ್ಯುತ್ತಮ. ಅಕ್ಟೋಬರ್‌ನಲ್ಲಿ ಅದೇ ಕಂಠೀರವದಲ್ಲಿ ಮಕಾವು ವಿರುದ್ಧ 4-1, ಏಷ್ಯನ್ ಕಪ್ ಟಿಕೆಟ್ ಕೈಲಿ. ಟೀಕಾಕಾರರದ್ದು ಒಂದೇ ರಾಗ: ನೇಪಾಳ, ಲಾವೋಸ್, ಮಕಾವು, ಎಲ್ಲ ಸುಲಭದ ಎದುರಾಳಿಗಳು. ಡ್ಯಾಶ್‌ಬೋರ್ಡ್ ಹಸಿರು ಮಾಡೋಕೆ ಸಣ್ಣಪುಟ್ಟ ಟಿಕೆಟ್ ಕ್ಲೋಸ್ ಮಾಡೋದು ನಮಗೇನು ಹೊಸದಲ್ಲ, ಒಪ್ತೀನಿ. ಆದ್ರೆ ಗುವಾಮ್‌ಗೆ ಸೋತ ತಂಡಕ್ಕೆ ಸುಲಭದ ಎದುರಾಳಿ ಅಂತ ಯಾರಿದ್ರು ಸ್ವಾಮಿ?

2019ರ ಜನವರಿ 6, ಅಬುಧಾಬಿ. ಥಾಯ್ಲೆಂಡ್ ವಿರುದ್ಧ 4-1, ಸುನಿಲ್ ಛೆಟ್ರಿಯದ್ದೇ ಎರಡು ಗೋಲು. ಏಷ್ಯನ್ ಕಪ್‌ನಲ್ಲಿ 1964ರ ನಂತರ ನಮ್ಮ ಮೊದಲ ಗೆಲುವು. ಮರುದಿನ ಥಾಯ್ಲೆಂಡಿನವರು ತಮ್ಮ ಸರ್ಬಿಯನ್ ಕೋಚನ್ನ ಮನೆಗೆ ಕಳಿಸಿದರು. ನಾವು ಯುಎಇಗೆ 0-2ರಲ್ಲಿ ಸೋತರೂ ದಾರಿ ಮುಚ್ಚಿರಲಿಲ್ಲ. 14ರಂದು ಶಾರ್ಜಾದಲ್ಲಿ ಬಹ್ರೇನ್ ಜೊತೆ ಡ್ರಾ ಆಗಿದ್ದರೆ ಸಾಕಿತ್ತು.

ನನಗೆ ಸಿಟ್ಟಿರೋದು ಈ ಪಂದ್ಯದ ಮೇಲೆ. ಡ್ರಾ ಸಾಕು ಅಂತ ಇಡೀ ತಂಡ ಹಿಂದೆ ಸರಿದು ಕೂತುಬಿಡ್ತು. ಗೆಲ್ಲೋಕೆ ಅಂತ ಆಡಲೇ ಇಲ್ಲ. ಪಂದ್ಯಕ್ಕೊಬ್ಬ ನಾಯಕ ಅನ್ನೋದು ಆತನ ಪದ್ಧತಿ, ಅವತ್ತು ತೋಳಪಟ್ಟಿ ಪ್ರಣಯ್ ಹಾಲ್ದರ್‌ದು. ತೊಂಬತ್ತು ನಿಮಿಷ ತಡೆದದ್ದೂ ಆಯ್ತು. ಆಗ ಅದೇ ಹಾಲ್ದರ್ ಪೆನಾಲ್ಟಿ ಬಾಕ್ಸ್‌ನಲ್ಲಿ ಫೌಲ್ ಮಾಡಿದ. ಜಮಾಲ್ ರಶೀದ್ ಒದ್ದ ಚೆಂಡು ಬಲೆ ಸೇರಿತು. ಗುಂಪಿನಲ್ಲಿ ನಾವು ಕಡೇ ಸ್ಥಾನ.

ಆ ರಾತ್ರಿಯೇ, ಪತ್ರಿಕಾಗೋಷ್ಠಿಯಲ್ಲಿ ಕೂತು, ಕಾನ್‌ಸ್ಟಂಟೈನ್ ರಾಜೀನಾಮೆ ಘೋಷಿಸಿದ. ಥಾಯ್ಲೆಂಡನ್ನ ಸೋಲಿಸಿ ಎಂಟು ದಿನ ಆಗಿತ್ತು.