ಸ್ವಂತ ಹಾಡಿಗೊಂದು ಬಯಲು ರಂಗ

ಸಿನಿಮಾದ ಹಂಗಿಲ್ಲದೆ, ಗಿಟಾರು, ಡ್ರಮ್ಮು ಹಿಡಿದು ತಾವೇ ಹಾಡು ಕಟ್ಟುವ ತಂಡಗಳಿಗೆ ನಮ್ಮ ದೇಶದಲ್ಲಿ ವೇದಿಕೆ ಸುಲಭವಾಗಿ ಸಿಕ್ಕಿದ್ದಲ್ಲ. 1970ರ ಸುಮಾರಿಗೆ ಹೆಸರಾಗಿದ್ದ 'ಸಿಮ್ಲಾ ಬೀಟ್' ಸ್ಪರ್ಧೆಯನ್ನೇ ನೋಡಿ. ಅಲ್ಲಿ ಸಿಮ್ಲಾ ಎಂದರೆ ಊರಲ್ಲ, ಸಿಗರೇಟು! ಹಣ ಹೂಡಿದ್ದು ಅದನ್ನು ಮಾರುತ್ತಿದ್ದ ಕಂಪನಿ. ಆ ಕಾಲದ ತಂಡಗಳು ಹೆಚ್ಚಾಗಿ ನುಡಿಸುತ್ತಿದ್ದುದು ಇಂಗ್ಲೆಂಡ್, ಅಮೆರಿಕಗಳ ಜನಪ್ರಿಯ ಹಾಡುಗಳನ್ನೇ.

1986ರಲ್ಲಿ ಫರ್ಹಾದ್ ವಾಡಿಯಾ ಆಗಿನ ಬೊಂಬಾಯಿಯಲ್ಲಿ 'ಇಂಡಿಪೆಂಡೆನ್ಸ್ ರಾಕ್' ಉತ್ಸವ ಆರಂಭಿಸಿದರು. ಧೋಬಿ ತಲಾವ್ ಬಳಿಯ ರಂಗಭವನವೆಂಬ ಬಯಲು ರಂಗಮಂದಿರ ಅದರ ನೆಲೆಯಾಯಿತು. ಕ್ಯಾಸೆಟ್ ಹೊರತರಲಾಗದ ಹುಡುಗರಿಗೂ ಎದುರಿಗೆ ಕುಣಿಯುವ ಕೇಳುಗರು ದೊರೆತರು. ಅದೇ ನಗರದ 'ರಾಕ್ ಮಷಿನ್' ತಂಡ 1988ರಲ್ಲಿ ಸ್ವಂತ ಗೀತೆಗಳ ಆಲ್ಬಂ ತಂದಿತು. 1993ರಲ್ಲಿ 'ಇಂಡಸ್ ಕ್ರೀಡ್' ಎಂದು ಹೆಸರನ್ನೂ ದೇಶೀಯಗೊಳಿಸಿಕೊಂಡಿತು.

ಮುಂದೆ, 2000ದ ಶಬ್ದ ಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯವೆಂದವು. ರಂಗಭವನದ ಆಸುಪಾಸಿನಲ್ಲಿ ಕಾಲೇಜೂ ಇತ್ತು, ಆಸ್ಪತ್ರೆಗಳೂ ಇದ್ದವು. ಅಲ್ಲಿಯ ರಾಕ್ ಸಂಗೀತ ನಿಂತಿತು.

ರೋಗಿಯ ನಿದ್ದೆ ದೊಡ್ಡದೇ, ಅದರಲ್ಲಿ ತಕರಾರಿಲ್ಲ. ಆದರೆ ದೊಡ್ಡ ಮೈದಾನಕ್ಕೆ ದೊಡ್ಡ ಬಾಡಿಗೆ, ಬಾಡಿಗೆಗೆ ಪ್ರಾಯೋಜಕ, ಪ್ರಾಯೋಜಕನಿಗೆ ಹೆಸರಾಂತ ತಂಡವೇ ಬೇಕು. ಹಾಗಾದರೆ ಹೊಸಬರು ಎಲ್ಲಿ ಹಾಡಬೇಕು? ನಿಶ್ಶಬ್ದಕ್ಕೆ ಜಾಗ ಗುರುತಿಸಿದ ನಗರ ಹಾಡಿಗೂ ಒಂದಿಷ್ಟು ಜಾಗ ಗುರುತಿಸಬೇಕಲ್ಲವೇ?