ನಾರಿನಂಶ ಸಿಗದಿದ್ದರೆ ಕರುಳಿನ ಲೋಳೆಯನ್ನೇ ತಿನ್ನುತ್ತವೆ ಬ್ಯಾಕ್ಟೀರಿಯಾ: ಏನಿದು ರಕ್ಷಾಕವಚ?

ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ. ಅವು ಕರುಳಿನ ಗೋಡೆಯನ್ನು ಮುಟ್ಟದಂತೆ ತಡೆಯುವುದು ಒಂದು ತೆಳುವಾದ ಲೋಳೆ. ಈ ಲೋಳೆ ಸರಿಯಾಗಿ ಬೆಳೆಯಲು ಬ್ಯಾಕ್ಟೀರಿಯಾಗಳೇ ಬೇಕು. ಹಸಿದಾಗ ಅದನ್ನು ತಿಂದು ಸವೆಸುವುದೂ ಅವೇ.

ಲೋಳೆ ಪದರ ಹೇಗಿರುತ್ತದೆ?

ಕರುಳಿನ ಒಳಗೋಡೆಯ ಗಾಬ್ಲೆಟ್ ಕೋಶಗಳು ಎಂಯುಸಿ2 ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಇದು ನೀರು ಹೀರಿ ಉಬ್ಬಿ ಲೋಳೆಯಾಗುತ್ತದೆ. ದೊಡ್ಡ ಕರುಳಿನಲ್ಲಿ ಇದಕ್ಕೆ ಎರಡು ಪದರ. ಗೋಡೆಗೆ ಅಂಟಿಕೊಂಡ ಒಳಪದರ ದಟ್ಟವಾಗಿದ್ದು, ಅಲ್ಲಿ ಬ್ಯಾಕ್ಟೀರಿಯಾ ಬಹುತೇಕ ಇರುವುದಿಲ್ಲ. ಸಡಿಲವಾದ ಹೊರಪದರವೇ ಅವುಗಳ ಮನೆ. ಸ್ವೀಡನ್‌ನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಗುನ್ನರ್ ಹ್ಯಾನ್ಸನ್ ತಂಡ 2008ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಎಂಯುಸಿ2 ಇಲ್ಲದ ಇಲಿಗಳಲ್ಲಿ ಬ್ಯಾಕ್ಟೀರಿಯಾ ನೇರವಾಗಿ ಗೋಡೆಯನ್ನು ತಲುಪಿದ್ದವು. ಇಂಥ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆ.

ಕಟ್ಟುವುದೂ ಬ್ಯಾಕ್ಟೀರಿಯಾಗಳೇ

ಯಾವ ಬ್ಯಾಕ್ಟೀರಿಯಾವೂ ತಗುಲದಂತೆ ಪ್ರಯೋಗಾಲಯದಲ್ಲಿ ಸಾಕಿದ ಇಲಿಗಳಲ್ಲಿ ಲೋಳೆ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅವುಗಳ ಕರುಳಿಗೆ ಸಾಮಾನ್ಯ ಇಲಿಗಳ ಬ್ಯಾಕ್ಟೀರಿಯಾ ಸೇರಿಸಿದ ಮೇಲೆ ಕೆಲವು ವಾರಗಳಲ್ಲಿ ಪದರ ಸಹಜ ಸ್ಥಿತಿಗೆ ಬರುತ್ತದೆ. ನಾರಿನಂಶವನ್ನು ಬ್ಯಾಕ್ಟೀರಿಯಾ ಹುದುಗಿಸಿದಾಗ ಸಿಗುವ ಬ್ಯುಟಿರೇಟ್ ಎಂಬ ಆಮ್ಲ ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಮುಖ್ಯ ಇಂಧನ.

ಲೋಳೆ ತಿನ್ನುವ ಬ್ಯಾಕ್ಟೀರಿಯಾಗಳೆಲ್ಲ ಕೆಟ್ಟವೂ ಅಲ್ಲ. 2004ರಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದ ಅಕ್ಕರ್‌ಮಾನ್ಸಿಯಾ ಮ್ಯೂಸಿನಿಫಿಲಾಗೆ ಲೋಳೆಯೇ ಆಹಾರ. ಆದರೂ ಕೊಬ್ಬಿನ ಆಹಾರದಿಂದ ಬೊಜ್ಜು ಬೆಳೆದ ಇಲಿಗಳಿಗೆ ಇದನ್ನು ಜೀವಂತವಾಗಿ ಕೊಟ್ಟಾಗ ತೆಳುವಾಗಿದ್ದ ಲೋಳೆ ಮತ್ತೆ ದಪ್ಪವಾಯಿತು ಎಂದು 2013ರ ಅಧ್ಯಯನವೊಂದು ತಿಳಿಸಿದೆ.

ನಾರಿನಂಶ ಸಿಗದಿದ್ದರೆ?

ಮಾನವನ ಕರುಳಿನ 14 ಬಗೆಯ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ನಾರಿಲ್ಲದ ಆಹಾರ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಾರು ಸಿಗದೆ ಲೋಳೆ ತಿನ್ನುವ ಬ್ಯಾಕ್ಟೀರಿಯಾಗಳು ಹೆಚ್ಚಿ, ಪದರ ತೆಳುವಾಯಿತು. ಆಗ ಸಿಟ್ರೋಬ್ಯಾಕ್ಟರ್ ರೊಡೆಂಟಿಯಂ ಎಂಬ ರೋಗಾಣು ಸುಲಭವಾಗಿ ಗೋಡೆ ತಲುಪಿ ತೀವ್ರ ಉರಿಯೂತ ಉಂಟುಮಾಡಿತು.

ನಾವೇನು ಮಾಡಬಹುದು?

ಇವೆಲ್ಲ ಇಲಿಗಳ ಮೇಲಿನ ಪ್ರಯೋಗಗಳು. ಮನುಷ್ಯರಿಗೆ ಹಾಗೇ ಅನ್ವಯಿಸಲಾಗದು. ಆದರೆ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲೂ ಬ್ಯಾಕ್ಟೀರಿಯಾ ಒಳಪದರವನ್ನು ದಾಟಿ ಬರುವುದು ಕಂಡುಬಂದಿದೆ.

ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಸೇವಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಶಿಫಾರಸು. ರಾಗಿ, ಜೋಳ, ಹುರುಳಿ, ಹೆಸರುಕಾಳು, ಸೊಪ್ಪು, ಸೀಬೆಹಣ್ಣಿನಲ್ಲಿ ಇದು ಹೇರಳ. ಮೈದಾ ಮತ್ತು ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಡಿಮೆ. ನಾರಿನಂಶವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಬಹುದು, ಹಾಗಾಗಿ ನಿಧಾನವಾಗಿ ಹೆಚ್ಚಿಸುವುದು ಒಳ್ಳೆಯದು. ಕರುಳಿನ ಕಾಯಿಲೆ ಇರುವವರು ಆಹಾರ ಬದಲಿಸುವ ಮುನ್ನ ವೈದ್ಯರ ಸಲಹೆ ಪಡೆಯಬೇಕು.